ಡಚ್ಚರು ಕಟ್ಟದ ಡಚ್ ಮನೆ

ನ್ಯೂಯಾರ್ಕ್ ನಗರದಿಂದ ಉತ್ತರಕ್ಕೆ ಸುಮಾರು 80 ಮೈಲಿ ಹೋದರೆ ವಾಲ್‌ಕಿಲ್ ನದಿಯ ದಂಡೆಯಲ್ಲಿ ನ್ಯೂ ಪಾಲ್ಟ್ಸ್ ಎಂಬ ಊರು ಸಿಗುತ್ತದೆ. ಇಂದಿನ ಪೇಟೆ ದಿಬ್ಬದ ಮೇಲಿದೆ. ನದಿಯ ಕಡೆಗೆ ಇಳಿದರೆ ಹ್ಯೂಗೆನಾಟ್ ಸ್ಟ್ರೀಟ್. ಆ ಬೀದಿಯಲ್ಲಿ 18ನೇ ಶತಮಾನದ ಮೊದಲರ್ಧದ ಕಲ್ಲುಮನೆಗಳು ಕಟ್ಟಿದ ಜಾಗದಲ್ಲೇ ಇನ್ನೂ ನಿಂತಿವೆ. ಅವುಗಳಲ್ಲಿ ಝಾನ್ ಹ್ಯಾಸ್‌ಬ್ರೂಕ್ ಹೆಸರಿನ ಮನೆಯನ್ನು ಅಮೆರಿಕದ ಡಚ್ ಕಲ್ಲುಮನೆಗೆ ಒಳ್ಳೆಯ ಮಾದರಿ ಎಂದು ಬಲ್ಲವರು ತೋರಿಸುತ್ತಾರೆ. ದಪ್ಪ ಗೋಡೆ, ತೀರಾ ಕಡಿದಾದ ಎತ್ತರದ ಚಾವಣಿ, ಅದರಡಿ ಒಂದು ಕಣಜದಷ್ಟು ದೊಡ್ಡ ಅಟ್ಟ, ನಡುವೆ ಹಜಾರ, ಎರಡೂ ಪಕ್ಕ ಕೋಣೆಗಳು.

ಆದರೆ ಇಸವಿಗಳನ್ನು ಜೋಡಿಸಿ ನೋಡಿದರೆ ಒಂದು ಪ್ರಶ್ನೆ ಏಳುತ್ತದೆ. ಡಚ್ಚರು ಈ ಪ್ರಾಂತ್ಯವನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟದ್ದು 1664ರಲ್ಲಿ. 1673ರಲ್ಲಿ ಮರಳಿ ಹಿಡಿದರೂ ಮರುವರ್ಷದ ಒಪ್ಪಂದದಲ್ಲಿ ಪೂರ್ತಿ ಕೈಬಿಟ್ಟರು. ಈ ಮನೆ ಎದ್ದದ್ದು 1721ರಲ್ಲಿ, ಅಂದರೆ ಡಚ್ ಆಳ್ವಿಕೆ ಮುಗಿದು ಹೆಚ್ಚುಕಡಿಮೆ ಅರ್ಧ ಶತಮಾನ ಕಳೆದ ಮೇಲೆ, ಇಂಗ್ಲಿಷ್ ದೊರೆಯ ಕಾಲದಲ್ಲಿ. ಕಟ್ಟಿಸಿದ್ದು ಫ್ರೆಂಚ್ ಮಾತಾಡುತ್ತಿದ್ದ ಮನೆತನ. ನೆಲ ಈಸೋಪಸ್ ಎಂಬ ಅಮೆರಿಕದ ಮೂಲನಿವಾಸಿ ಜನರದು. ಮನೆಯ ಹೊಲ, ಒಲೆ ಎರಡನ್ನೂ ನಡೆಸಿದ ದುಡಿಮೆಯಲ್ಲಿ ಆಫ್ರಿಕಾ ಮೂಲದ ಗುಲಾಮರ ಪಾಲು ದೊಡ್ಡದು. ಹಾಗಾದರೆ ಇದರಲ್ಲಿ ಡಚ್ ಎನ್ನುವುದು ಎಲ್ಲಿದೆ? ನೋಡುವವರೆಲ್ಲ ಕಲ್ಲನ್ನೇ ನೋಡುತ್ತಾರೆ. ಉತ್ತರ ಮಾತ್ರ ಒಳಗಿನ ಮರದಲ್ಲಿದೆ, ಬೆಂಕಿ ಉರಿಸಿದ ಜಾಗದಲ್ಲಿದೆ.

ಝಾನ್ ಮತ್ತು ಅಬ್ರಹಾಮ್ ಹ್ಯಾಸ್‌ಬ್ರೂಕ್ ಅಣ್ಣತಮ್ಮಂದಿರು. ಫ್ರಾನ್ಸಿನ ಉತ್ತರ ತುದಿಯ ಕ್ಯಾಲೆ ಸೀಮೆಯ ಪ್ರಾಟೆಸ್ಟೆಂಟ್ (ಹ್ಯೂಗೆನಾಟ್) ಕುಟುಂಬದವರು. ಮತದ ಕಾರಣಕ್ಕೆ ನೆಲೆ ತಪ್ಪಿ ಜರ್ಮನಿಯ ಮ್ಯಾನ್‌ಹೈಮ್ ಸುತ್ತಮುತ್ತ ಕೆಲಕಾಲ ಇದ್ದು, 1670ರ ದಶಕದಲ್ಲಿ ನ್ಯೂ ಪಾಲ್ಟ್ಸ್ ಇರುವ ಹಡ್ಸನ್ ನದಿಯ ಕಣಿವೆಗೆ ಬಂದರು. ಅವರಂತೆಯೇ ಬಂದ ಇತರ ಕುಟುಂಬಗಳು ಮೊದಲು ನೆಲೆಸಿದ್ದು ಡಚ್ಚರ ಊರುಗಳಲ್ಲಿ: ಇಂದಿನ ಕಿಂಗ್‌ಸ್ಟನ್, ಪಕ್ಕದ ಹರ್ಲಿ. 1659ರಿಂದ 1663ರವರೆಗೆ ಅಲ್ಲಿ ಡಚ್ಚರಿಗೂ ಈಸೋಪಸ್ ಜನರಿಗೂ ಎರಡು ಸಲ ಯುದ್ಧ ನಡೆದಿತ್ತು. ಸೋತು ಸೊರಗಿದ ಈಸೋಪಸರಿಂದ 1677ರ ಮೇ ತಿಂಗಳಲ್ಲಿ ಹನ್ನೆರಡು ಮಂದಿ ಫ್ರೆಂಚರು ವಾಲ್‌ಕಿಲ್ ಬಯಲನ್ನು ಪಡೆದರು. ಕೊಟ್ಟದ್ದು ಕಡಾಯಿ, ಕೊಡಲಿ, ಬಾಚಿ, ಅಂಗಿ, ಕಂಬಳಿ, ಚಾಕು, ಮದ್ದು, ಕಪ್ಪೆಚಿಪ್ಪಿನ ಮಣಿಸರ, ಇಂಥವು. ಅದೇ ಸೆಪ್ಟೆಂಬರಿನಲ್ಲಿ ಇಂಗ್ಲಿಷ್ ಗವರ್ನರ್ ಎಡ್ಮಂಡ್ ಆಂಡ್ರೋಸ್ ಸುಮಾರು 40,000 ಎಕರೆಗೆ ಹಕ್ಕುಪತ್ರ ಬರೆದುಕೊಟ್ಟ. 1678ರಲ್ಲಿ ಕುಟುಂಬಗಳು ಇಲ್ಲಿಗೆ ಸ್ಥಳಾಂತರವಾದವು.

ಬಂದ ಕೂಡಲೇ ಕಲ್ಲುಮನೆ ಕಟ್ಟಲಿಲ್ಲ. ಮೊದಲ ಮನೆಗಳು ಮರದವು. ಕಲ್ಲಿನ ಮನೆಗಳು ಏಳತೊಡಗಿದ್ದು 1700 ದಾಟಿದ ಮೇಲೆ, ಎರಡನೇ ತಲೆಮಾರಿನ ಕೈಗೆ ಗೋಧಿಯ ದುಡ್ಡು ಬಂದಾಗ. ಅಷ್ಟರಲ್ಲಿ ಈ ಮನೆತನಗಳು ಕಿಂಗ್‌ಸ್ಟನ್ನಿನ ಡಚ್ಚರೊಡನೆ ಬೀಗತನ ಬೆಳೆಸಿದ್ದವು, ವ್ಯಾಪಾರ ಮಾಡುತ್ತಿದ್ದವು, ಅಲ್ಲಿನ ಬಡಗಿಗಳನ್ನು ಕರೆಸುತ್ತಿದ್ದವು. ಊರ ಚರ್ಚಿನ ಕಡತಗಳಲ್ಲಿ ಈ ಬದಲಾವಣೆಯನ್ನು ಸಾಲುಸಾಲಾಗಿ ಓದಬಹುದು: ಮೊದಲು ಫ್ರೆಂಚ್, ಆಮೇಲೆ ಡಚ್, ಕೊನೆಗೆ ಇಂಗ್ಲಿಷ್. ಆಳುವವರು ಇಂಗ್ಲಿಷರಾಗಿದ್ದರೂ ನೆರೆಹೊರೆ ಡಚ್ ಆಗಿತ್ತು. ಮನೆ ಕಟ್ಟುವಾಗ ದೊರೆಯ ಮಾತು ನಡೆಯುವುದಿಲ್ಲ, ಊರಿನ ಬಡಗಿಯ ಅಭ್ಯಾಸ ನಡೆಯುತ್ತದೆ. ಅಂದಹಾಗೆ, ಇದೇ 17ನೇ ಶತಮಾನದಲ್ಲಿ ಡಚ್ಚರ ಈಸ್ಟ್ ಇಂಡಿಯಾ ಕಂಪನಿ ನಮ್ಮ ಕರಾವಳಿಯ ಬಸ್ರೂರಿನಲ್ಲಿ ಕೋಠಿ ಇಟ್ಟು ಅಕ್ಕಿ, ಮೆಣಸು ಕೊಳ್ಳುತ್ತಿತ್ತು. ಅಲ್ಲಿ ಅವರು ವ್ಯಾಪಾರ ಮುಗಿಸಿ ಹೋದರು. ಹಡ್ಸನ್ ಕಣಿವೆಯಲ್ಲಿ ಸಂಸಾರ ಹೂಡಿದರು. ಸಂಸಾರ ಹೂಡಿದ ಕಡೆ ಮಾತ್ರ ಮನೆ ಕಟ್ಟುವ ಪದ್ಧತಿ ಬೇರು ಬಿಡುತ್ತದೆ.

ಈ ಮನೆಯ ವಯಸ್ಸಿನ ಬಗ್ಗೆ ಬಹಳ ಕಾಲ ತಪ್ಪು ಲೆಕ್ಕ ನಡೆದಿತ್ತು. 17ನೇ ಶತಮಾನದ ಕೊನೆಯಲ್ಲಿ ಝಾನ್ ಹ್ಯಾಸ್‌ಬ್ರೂಕ್ ಶುರು ಮಾಡಿ, 1712ರಲ್ಲಿ ಬೆಳೆಸಿದ ಮನೆ ಎಂದೇ ಪುಸ್ತಕಗಳು ಹೇಳುತ್ತಿದ್ದವು. 1712 ಅವನು ಉಯಿಲು ಬರೆದ ವರ್ಷ. ಎರಡು ವರ್ಷದ ಮೇಲೆ ತೀರಿಕೊಂಡ. ತೊಲೆಗಳ ಬೆಳವಣಿಗೆ ಉಂಗುರಗಳನ್ನು ಎಣಿಸಿದಾಗ ಸಿಕ್ಕ ವರ್ಷ 1721. ಅಂದರೆ ಈಗ ಕಾಣುವ ಮನೆಯನ್ನು ಕಟ್ಟಿಸಿದವನು ಮಗ ಜೇಕಬ್. ಹೆಸರು ಮಾತ್ರ ಅಪ್ಪನದೇ ಉಳಿದಿದೆ.

ಈ ಎಣಿಕೆ ಹೇಗೆ ನಡೆಯುತ್ತದೆ ಎಂದು ಸ್ವಲ್ಪ ಬಿಡಿಸಿ ಹೇಳಬೇಕು, ಹಳೆಯ ಮನೆಗಳ ಬಗ್ಗೆ ಹುಟ್ಟುವ ಅರ್ಧದಷ್ಟು ಕಟ್ಟುಕಥೆಗಳು ಇಲ್ಲೇ ಬೀಳುತ್ತವೆ. ಟೊಳ್ಳು ಬೈರಿಗೆಯಿಂದ ತೊಲೆಯ ಹೊರಮೈಯಿಂದ ತಿರುಳಿನ ಕಡೆಗೆ ಕೊರೆದು ಪೆನ್ಸಿಲ್ ಗಾತ್ರದ ಒಂದು ಕಡ್ಡಿ ತೆಗೆಯುತ್ತಾರೆ. ಅದನ್ನು ನುಣ್ಣಗೆ ಉಜ್ಜಿ ಉಂಗುರಗಳ ಅಗಲ ಅಳೆಯುತ್ತಾರೆ. ಮಳೆ ಚೆನ್ನಾಗಿ ಬಂದ ವರ್ಷ ಅಗಲ ಉಂಗುರ, ಬರಗಾಲದಲ್ಲಿ ಕಿರಿದು. ಆ ಸೀಮೆಯ ಮರಗಳಿಗಾಗಿ ಮೊದಲೇ ಸಿದ್ಧಪಡಿಸಿದ ಉದ್ದನೆಯ ಸರಣಿಯ ಪಕ್ಕ ಇದನ್ನಿಟ್ಟು, ಎಲ್ಲಿ ಹೊಂದುತ್ತದೆ ಎಂದು ನೋಡುತ್ತಾರೆ. ಐವತ್ತಕ್ಕಿಂತ ಕಡಿಮೆ ಉಂಗುರವಿದ್ದರೆ ಹೊಂದಿಕೆಯನ್ನು ನಂಬುವುದು ಕಷ್ಟ. ಎಲ್ಲಕ್ಕಿಂತ ಮುಖ್ಯವಾದದ್ದು ತೊಗಟೆಯ ಅಂಚು. ಬಡಗಿ ಚೌಕ ಮಾಡುವಾಗ ಮೂಲೆಯಲ್ಲಿ ತೊಗಟೆಯ ಕೆಳಗಿನ ಮೈ ಒಂದಿಷ್ಟಾದರೂ ಉಳಿದಿದ್ದರೆ, ಮರ ಕಡಿದ ವರ್ಷ ಮಾತ್ರವಲ್ಲ, ಕೆಲವೊಮ್ಮೆ ಯಾವ ಋತುವಿನಲ್ಲಿ ಕಡಿದದ್ದು ಎಂಬುದೂ ತಿಳಿಯುತ್ತದೆ. ಅಂಚು ಹೋಗಿದ್ದರೆ ‘ಇಂಥ ವರ್ಷದ ನಂತರ’ ಎಂದಷ್ಟೇ ಹೇಳಬಹುದು.

ಇಲ್ಲಿ ಎಡವುವುದು ಎರಡು ಕಡೆ. ಹಳೆಯ ಮನೆಯೊಂದನ್ನು ಬಿಚ್ಚಿ ತಂದ ತೊಲೆಯಿಂದ ಮಾದರಿ ತೆಗೆದರೆ ಮನೆಯ ವಯಸ್ಸು ಸುಮ್ಮನೆ ಏರುತ್ತದೆ. ಆಮೇಲೆ ಬದಲಾಯಿಸಿದ ತೊಲೆಯಾದರೆ ಇಳಿಯುತ್ತದೆ. ಅದಕ್ಕೇ ಒಂದೇ ಕಡ್ಡಿಯನ್ನು ನೆಚ್ಚುವುದಿಲ್ಲ. ನೆಲಮಾಳಿಗೆಯ ತೊಲೆ, ನಡುಅಂತಸ್ತಿನ ತೊಲೆ, ಚಾವಣಿಯ ಜಂತೆ ಮೂರೂ ಕಡೆ ಕೊರೆದು ಎಂಟು ಹತ್ತು ಮಾದರಿ ಒಂದೇ ವರ್ಷದತ್ತ ಬೊಟ್ಟು ಮಾಡಿದಾಗ ಮಾತ್ರ ಒಪ್ಪುತ್ತಾರೆ. ಆ ಕಾಲದಲ್ಲಿ ಮರವನ್ನು ಒಣಗಿಸದೆ ಹಸಿಯಾಗಿದ್ದಾಗಲೇ ಕೆತ್ತಿ ಜೋಡಿಸುತ್ತಿದ್ದರು. ಹಾಗಾಗಿ ಕಡಿದ ವರ್ಷಕ್ಕೂ ಕಟ್ಟಿದ ವರ್ಷಕ್ಕೂ ಹೆಚ್ಚು ಅಂತರವಿರುವುದಿಲ್ಲ. ಅದೇ ಬೀದಿಯ ಅಬ್ರಹಾಮ್ ಹ್ಯಾಸ್‌ಬ್ರೂಕ್ ಮನೆ ಒಂದೇ ಸಲ ಎದ್ದದ್ದಲ್ಲ, 1721ರಿಂದ 1741ರೊಳಗೆ ಮೂರು ಹಂತದಲ್ಲಿ ಬೆಳೆದದ್ದು ಎಂಬುದು ತಿಳಿದದ್ದೂ ಈ ದಾರಿಯಿಂದಲೇ. ಕುಟುಂಬದ ಹೆಮ್ಮೆಗಾಗಿ ಮನೆಗೆ ಇಪ್ಪತ್ತು ಮೂವತ್ತು ವರ್ಷ ಹೆಚ್ಚು ಸೇರಿಸುವ ರೂಢಿ ಎಲ್ಲ ಕಡೆಯೂ ಇದೆ. ಮರ ಆ ಮುಲಾಜಿಗೆ ಬೀಳುವುದಿಲ್ಲ.

ಈಗ ತೊಲೆಗಳಿಗೆ ಬರೋಣ. ಡಚ್ಚರ ಮರದ ಮನೆಯಲ್ಲಿ ಎರಡು ಕಂಬ, ನಡುವೆ ಒಂದು ದಪ್ಪ ಅಡ್ಡತೊಲೆ ಸೇರಿ ಒಂದು ಚೌಕಟ್ಟು. ಕಂಬಗಳು ತೊಲೆಗಿಂತ ಮೇಲಕ್ಕೂ ಒಂದಿಷ್ಟು ಚಾಚಿರುತ್ತವೆ. ಇಂಥ ಚೌಕಟ್ಟುಗಳನ್ನು ನೆಲದ ಮೇಲೆ ಜೋಡಿಸಿಕೊಂಡು, ಸುಮಾರು ನಾಲ್ಕೈದು ಅಡಿಗೊಂದರಂತೆ ಸಾಲಾಗಿ ಎತ್ತಿ ನಿಲ್ಲಿಸಿ, ಮೇಲೆ ಉದ್ದನೆಯ ತೊಲೆಯಿಂದ ಬಿಗಿದರೆ ಮನೆಯ ಎಲುಬು ಸಿದ್ಧ. ಕಲ್ಲುಮನೆ ಕಟ್ಟುವಾಗ ಕಂಬಗಳ ಕೆಲಸವನ್ನು ಗೋಡೆ ವಹಿಸಿಕೊಂಡಿತು. ಅಡ್ಡತೊಲೆ ಮಾತ್ರ ಹಾಗೇ ಉಳಿಯಿತು: ಅದೇ ಗಾತ್ರ, ಅದೇ ಅಂತರ, ಗೋಡೆಯಿಂದ ಗೋಡೆಗೆ ಒಂದೇ ನೆಗೆತ. ತೊಲೆಯ ಅಗಲಕ್ಕಿಂತ ಎತ್ತರ ಹೆಚ್ಚು, ಹತ್ತು ಹನ್ನೆರಡು ಅಂಗುಲದವರೆಗೂ ಇರುತ್ತದೆ. ಕೆಳಮೈಯನ್ನು ನಯವಾಗಿ ಹತ್ತರಿ ಹೊಡೆದು ಕಾಣುವಂತೆಯೇ ಬಿಡುತ್ತಿದ್ದರು. ಅದರ ಮೇಲೆ ನೇರವಾಗಿ ಅಗಲ ಹಲಗೆ. ಕೆಳಕೋಣೆಗೆ ಅದು ಚಾವಣಿ, ಅಟ್ಟಕ್ಕೆ ಅದೇ ನೆಲ. ಇಂಗ್ಲಿಷ್ ಬಡಗಿಯಾಗಿದ್ದರೆ ಕೋಣೆಯ ನಡುವೆ ಒಂದು ದೊಡ್ಡ ತೊಲೆ ಹಾಯಿಸಿ, ಅದಕ್ಕೆ ಎರಡೂ ಕಡೆಯಿಂದ ಸಣ್ಣ ಜಂತೆಗಳನ್ನು ಸಿಕ್ಕಿಸುತ್ತಿದ್ದ. ತಲೆಯೆತ್ತಿ ಚಾವಣಿ ನೋಡಿದರೆ ಸಾಕು, ಯಾರ ಕೈಯಲ್ಲಿ ಪಳಗಿದ ಬಡಗಿ ಎಂದು ಗೊತ್ತಾಗುತ್ತದೆ.

ಅಟ್ಟದಲ್ಲಿ ಈ ಜಾಣ್ಮೆ ಇನ್ನೂ ಬಿಚ್ಚಿಕೊಂಡು ಕಾಣುತ್ತದೆ. ಜೋಡಿ ಜಂತೆಗಳು ತುದಿಯಲ್ಲಿ ಒಂದನ್ನೊಂದು ಕಚ್ಚಿಕೊಂಡು ಮರದ ಗೂಟದಿಂದ ಬಿಗಿದಿರುತ್ತವೆ. ನೆತ್ತಿಯಲ್ಲಿ ಉದ್ದಕ್ಕೆ ಹಾಯುವ ತೊಲೆಯೇ ಇರುವುದಿಲ್ಲ. ಜಂತೆಗಳು ಹೊರಕ್ಕೆ ಸರಿಯದಂತೆ ನಡುವೆ ಅಡ್ಡಪಟ್ಟಿ. ಜೋಡಣೆಯ ಪಕ್ಕದಲ್ಲಿ ಉಳಿಯಿಂದ ಕೆತ್ತಿದ ರೋಮನ್ ಅಂಕಿಗಳಿರುತ್ತವೆ. ನೆಲದ ಮೇಲೆ ಹೊಂದಿಸಿ ನೋಡಿದ ಜೋಡಿಯನ್ನೇ ಮೇಲೂ ಕೂಡಿಸಲು ಬಡಗಿ ಇಟ್ಟ ಗುರುತು ಅದು. ಅಂಕಿಗಳ ಅನುಕ್ರಮ ಎಲ್ಲಾದರೂ ತಪ್ಪಿದ್ದರೆ, ಅಲ್ಲಿ ಜಂತೆ ಬದಲಾಗಿದೆ ಅಥವಾ ಚಾವಣಿಯನ್ನು ಒಮ್ಮೆ ಬಿಚ್ಚಿ ಕಟ್ಟಿದ್ದಾರೆ ಎಂದು ಅನುಮಾನಿಸಬೇಕು. ಚಾವಣಿ 45 ಡಿಗ್ರಿಗಿಂತ ಕಡಿದಾಗಿರುವುದಕ್ಕೆ ಹಿಮ ಜಾರಲಿ ಎಂಬುದೊಂದು ಕಾರಣ. ಇನ್ನೊಂದು ಗೋಧಿ. ಹಡ್ಸನ್ ಕಣಿವೆಯ ಗೋಧಿ ಹಿಟ್ಟು ನ್ಯೂಯಾರ್ಕ್ ಬಂದರಿನಿಂದ ವೆಸ್ಟ್ ಇಂಡೀಸ್ ದ್ವೀಪಗಳಿಗೆ ಹೋಗುತ್ತಿತ್ತು, ಸಾಲ ತೀರಿಸುವುದಕ್ಕೂ ಗೋಧಿಯನ್ನೇ ಅಳೆಯುತ್ತಿದ್ದರು. ಅಟ್ಟ ಆ ಮನೆಯ ಖಜಾನೆ. ಅಷ್ಟು ದಪ್ಪ ತೊಲೆ ಬೇಕಾದದ್ದು ಆ ಭಾರಕ್ಕೆ.

ಬೆಂಕಿಗೂಡಿನದು ಈ ಮನೆಯ ಅತಿ ಸ್ವಾರಸ್ಯದ ಅಧ್ಯಾಯ. ಇಂಗ್ಲಿಷ್ ಬೆಂಕಿಗೂಡಿಗೆ ಹಿಂದೆ ಗೋಡೆ, ಎರಡು ಪಕ್ಕ ಗೋಡೆ, ಮೇಲೆ ಚಿಮಣಿ. ಡಚ್ಚರದ್ದಕ್ಕೆ ಪಕ್ಕದ ಗೋಡೆಗಳೇ ಇಲ್ಲ. ಮನೆಯ ಗೋಡೆಗೆ ಇಟ್ಟಿಗೆಯ ಹಿಂಬದಿ, ನೆಲದಲ್ಲಿ ಇಟ್ಟಿಗೆ ಅಥವಾ ಹೆಂಚು ಹಾಸಿದ ಒಂದು ಚೌಕ, ಅಷ್ಟೇ. ಬೆಂಕಿ ಮೂರು ಕಡೆಗೂ ತೆರೆದಿರುತ್ತದೆ. ಮನೆಮಂದಿಯೆಲ್ಲ ಅದರ ಸುತ್ತ ಕೂರಬಹುದು. ಹೊಗೆ ಹಿಡಿಯುವ ಚಿಮಣಿ ಶುರುವಾಗುವುದೇ ಕೋಣೆಯ ಚಾವಣಿಯ ಎತ್ತರದಲ್ಲಿ. ಅಲ್ಲಿಂದ ದೊಡ್ಡ ಕೊಳವೆಯಂಥ ಗೂಡು ಅಟ್ಟದ ಮೂಲಕ ಕಿರಿದಾಗುತ್ತ ಮೇಲೇರುತ್ತದೆ. ಗೂಡಿನ ಅಂಚಿಗೆ ಸುತ್ತಲೂ ಒಂದು ಮೋಟು ಬಟ್ಟೆಯ ಪರದೆ ಇಳಿಬಿಡುತ್ತಿದ್ದರು, ಹೊಗೆ ಕೋಣೆಗೆ ಚದುರದೆ ಮೇಲಕ್ಕೆ ಸೆಳೆಯಲಿ ಎಂದು.

ಇದರ ಕಷ್ಟ ಭಾರದಲ್ಲಿದೆ. ಕೆಳಗೆ ಕಂಬವಿಲ್ಲದ ಆ ಇಟ್ಟಿಗೆಯ ಗೂಡನ್ನು ಹೊತ್ತವರು ಯಾರು? ಚಾವಣಿಯ ತೊಲೆಗಳೇ. ಬೆಂಕಿಗೂಡಿನ ಎರಡೂ ಪಕ್ಕದ ತೊಲೆಗಳ ನಡುವೆ ಒಂದು ಅಡ್ಡಮರವನ್ನು ಸಿಕ್ಕಿಸಿ ಚೌಕಾಕಾರದ ಬಾಯಿ ಮಾಡುತ್ತಾರೆ. ಹಿಂದೆ ಗೋಡೆಯ ಆಸರೆ, ಉಳಿದ ಮೂರು ಕಡೆ ಮರದ ಆಸರೆ. ಅದರ ಮೇಲೆ ಇಟ್ಟಿಗೆ ಏರುತ್ತದೆ. ಕೆಳಗೆ ಒಲೆಯ ಹಾಸಿನ ಭಾರವನ್ನು ನೆಲಮಾಳಿಗೆಯಲ್ಲಿ ಕಟ್ಟಿದ ಆಸರೆ ಹೊರುತ್ತದೆ. ಅಡ್ಡಮರ ಒಂದಂಗುಲ ಬಾಗಿದರೂ ಇಟ್ಟಿಗೆಯಲ್ಲಿ ಬಿರುಕು, ಬಿರುಕಿನಿಂದ ಕಿಡಿ, ಪಕ್ಕದಲ್ಲೇ ಒಣಗಿದ ಮರ. ಮನೆಯ ಸಂದುಗಳಲ್ಲಿ ಗಾಳಿ ನುಸುಳುತ್ತಿರುವವರೆಗೆ ಹೊಗೆ ಚೆನ್ನಾಗಿ ಏರುತ್ತಿತ್ತು. ಕಿಟಕಿ ಬಾಗಿಲು ಬಿಗಿಯಾದಂತೆ ಹೊಗೆ ಕೋಣೆಯಲ್ಲೇ ತಿರುಗತೊಡಗಿತು. 18ನೇ ಶತಮಾನ ಮುಂದುವರಿದಂತೆ ಒಂದೊಂದು ಮನೆಯಲ್ಲೂ ಇದನ್ನು ಕಿತ್ತು ಪಕ್ಕದ ಗೋಡೆಯಿರುವ ಇಂಗ್ಲಿಷ್ ಬೆಂಕಿಗೂಡು ಕಟ್ಟಿದರು. ಹೀಗಾಗಿ ಮೂಲದ್ದು ಉಳಿದಿರುವ ಮನೆಗಳು ಇಂದು ಬೆರಳೆಣಿಕೆಯಷ್ಟು, ಅವುಗಳಲ್ಲಿ ಝಾನ್ ಹ್ಯಾಸ್‌ಬ್ರೂಕ್ ಮನೆ ಒಂದು. ನೂರಾರು ವರ್ಷದ ಹೊಗೆಯ ಮಸಿ ಮೆತ್ತಿದ ಅದರ ಚಿಮಣಿಯ ಬುಡವನ್ನು ಅಟ್ಟದಲ್ಲಿ ನಿಂತು ನೋಡಿದರೆ, ಇಷ್ಟು ಇಟ್ಟಿಗೆಯನ್ನು ಮರದ ಮೇಲೆ ನಿಲ್ಲಿಸಿದ ಧೈರ್ಯಕ್ಕೆ ತಲೆಬಾಗಬೇಕು ಅನ್ನಿಸುತ್ತದೆ.

ಕಿತ್ತುಹಾಕಿದ ಮನೆಗಳಲ್ಲೂ ಗುರುತು ಪೂರ್ತಿ ಅಳಿಯುವುದಿಲ್ಲ. ಚಾವಣಿಯ ಹಲಗೆಗಳಲ್ಲಿ ಗೋಡೆಗೆ ಹೊಂದಿ ಆರೇಳು ಅಡಿ ಅಗಲದ ತೇಪೆ, ಎರಡು ತೊಲೆಗಳ ಒಳಮೈಯಲ್ಲಿ ಎದುರುಬದುರಾಗಿ ಖಾಲಿ ತೂತು, ನೆಲದ ಹಲಗೆಗಳು ಅದೇ ಅಳತೆಗೆ ತುಂಡಾಗಿರುವುದು: ಈ ಮೂರೂ ಒಂದರ ಕೆಳಗೊಂದು ಸಿಕ್ಕರೆ ಅಲ್ಲಿ ಡಚ್ ಬೆಂಕಿಗೂಡು ಇತ್ತು ಎಂದು ಧೈರ್ಯವಾಗಿ ಹೇಳಬಹುದು. ದುರಸ್ತಿಗೆ ಬಂದವರು ಇಂಥ ತೂತುಗಳನ್ನು ‘ಬಡಗಿಯ ತಪ್ಪು’ ಎಂದು ಮುಚ್ಚಿಬಿಡುವುದುಂಟು. ದಯವಿಟ್ಟು ಮುಚ್ಚಬೇಡಿ. ಫೋಟೊ ತೆಗೆದು, ಅಳತೆ ಬರೆದಿಟ್ಟು, ಹಾಗೇ ಬಿಡಿ.

ಬಾಗಿಲು ಕಿಟಕಿಗಳ ವಿಷಯ ಬೇಗ ಮುಗಿಯುತ್ತದೆ. ಅಡ್ಡಕ್ಕೆ ಎರಡು ತುಂಡಾದ ಬಾಗಿಲು, ಕೆಳಗಿನದು ಮುಚ್ಚಿ ಮೇಲಿನದು ತೆರೆದರೆ ಗಾಳಿ ಬೆಳಕು ಒಳಗೆ, ಕೋಳಿ ಹಂದಿ ಹೊರಗೆ. ಆರಂಭದ ಕಿಟಕಿಗಳಲ್ಲಿ ಸೀಸದ ಪಟ್ಟಿಯಿಂದ ಕೂಡಿಸಿದ ಸಣ್ಣ ಗಾಜು, ಪಕ್ಕದಲ್ಲಿ ಮರದ ಕದ. ಇವತ್ತು ಹೆಚ್ಚಿನ ಮನೆಗಳಲ್ಲಿ ಕಾಣುವ ಮೇಲೆ ಕೆಳಗೆ ಸರಿಯುವ ಕಿಟಕಿಗಳು ಇಂಗ್ಲಿಷ್ ರುಚಿ ಬಂದ ಮೇಲಿನವು. ‘ಇಟ್ಟಿಗೆಯೆಲ್ಲ ಹಾಲೆಂಡಿನಿಂದ ಹಡಗು ಓಲಾಡದಂತೆ ಇಡುವ ತೂಕವಾಗಿ ಬಂದದ್ದು’ ಎಂಬ ಮಾತೂ ಕೇಳಿಬರುತ್ತದೆ. ಹಳದಿ ಬಣ್ಣದ ಸಣ್ಣ ಡಚ್ ಇಟ್ಟಿಗೆ ಒಂದಿಷ್ಟು ಬಂದದ್ದು ನಿಜ. ಆದರೆ ಹಡ್ಸನ್ ದಂಡೆಯ ಜೇಡಿಯಲ್ಲಿ ಡಚ್ಚರ ಕಾಲದಿಂದಲೇ ಇಟ್ಟಿಗೆ ಸುಡುತ್ತಿದ್ದರು, ಮನೆಗಳಲ್ಲಿರುವ ಇಟ್ಟಿಗೆಯ ಬಹುಪಾಲು ಅಲ್ಲಿಯದೇ.

ಕಲ್ಲಿನ ಬಗ್ಗೆ ಇಷ್ಟು ಹೊತ್ತು ಹೇಳದೆ ಉಳಿದದ್ದು ಬೇಕೆಂದೇ. ಶೈಲಿಗೆ ಕಲ್ಲು ಮುಖ್ಯವಲ್ಲದಿದ್ದರೂ ಮನೆ ಉಳಿಯುವುದು ಬೀಳುವುದು ಗೋಡೆಯ ಮೇಲೆಯೇ ನಿಂತಿದೆ. ಹೊಲ ಹಸನು ಮಾಡುವಾಗ ಎದ್ದ ಕಲ್ಲು, ಹತ್ತಿರದ ದಿಣ್ಣೆಯಲ್ಲಿ ಪದರಪದರವಾಗಿ ಸಿಗುವ ಕಲ್ಲು, ಎರಡನ್ನೂ ಬಳಸಿದ್ದಾರೆ. ಹರ್ಲಿ, ಕಿಂಗ್‌ಸ್ಟನ್ ಕಡೆ ಸುಣ್ಣದ ಕಲ್ಲು, ನ್ಯೂಜೆರ್ಸಿಯ ಬರ್ಗನ್ ಕೌಂಟಿಯಲ್ಲಿ ಕೆಂಗಂದು ಮರಳುಗಲ್ಲು. ಸಾಗಣೆ ದುಬಾರಿಯಾದ್ದರಿಂದ ಕಾಲಡಿ ಸಿಕ್ಕದ್ದೇ ಗೋಡೆ. ದಪ್ಪ ಸುಮಾರು ಒಂದೂವರೆಯಿಂದ ಎರಡು ಅಡಿ. ಒಳಗೊಂದು ಹೊರಗೊಂದು ಮುಖ, ನಡುವೆ ಚಿಕ್ಕ ಕಲ್ಲು ತುಂಬಿಸಿ, ಅಲ್ಲಲ್ಲಿ ಎರಡೂ ಮುಖವನ್ನು ಹಿಡಿಯುವ ಉದ್ದಗಲ್ಲು. ಗಾರೆ ಎಂದರೆ ಬಹುಮಟ್ಟಿಗೆ ಜೇಡಿಮಣ್ಣು, ಅದಕ್ಕೆ ಹುಲ್ಲು ಅಥವಾ ಪ್ರಾಣಿಯ ಕೂದಲು. ಮಳೆಗೆ ಒಡ್ಡಿಕೊಳ್ಳುವ ಹೊರಸಂದಿಗೆ ಮಾತ್ರ ಸುಣ್ಣದ ಗಾರೆ.

ಒಣಗಿರುವಷ್ಟು ಕಾಲ ಈ ಗೋಡೆಗೆ ಏನೂ ಆಗುವುದಿಲ್ಲ. ನೀರು ಹೊಕ್ಕರೆ ಒಳಗಿನ ಜೇಡಿ ಮೆತ್ತಗಾಗಿ ತೊಳೆದುಹೋಗುತ್ತದೆ, ನಡುವೆ ಟೊಳ್ಳು ಬೀಳುತ್ತದೆ, ಭಾರಕ್ಕೆ ಹೊರಮುಖ ಬಸಿರಾದಂತೆ ಉಬ್ಬುತ್ತದೆ. ಆ ಹಂತಕ್ಕೆ ಬಂದರೆ ಸಂದು ತುಂಬಿ ಪ್ರಯೋಜನವಿಲ್ಲ. ಕಲ್ಲುಗಳಿಗೆ ಅಂಕಿ ಬರೆದು, ತೊಲೆಗಳಿಗೆ ತಾತ್ಕಾಲಿಕ ಕಂಬ ಕೊಟ್ಟು, ಆ ಭಾಗವನ್ನು ಬಿಚ್ಚಿ ಮತ್ತೆ ಕಟ್ಟಬೇಕು.

20ನೇ ಶತಮಾನದಲ್ಲಿ ಇಂಥ ಮನೆಗಳಿಗೆ ಆದ ದೊಡ್ಡ ಹಾನಿ ಒಳ್ಳೆಯ ಉದ್ದೇಶದಿಂದ ಮೆತ್ತಿದ ಪೋರ್ಟ್‌ಲೆಂಡ್ ಸಿಮೆಂಟಿನದು. ಹೊರಸಂದಿಗೆ ಸಿಮೆಂಟ್ ತುಂಬಿದರೆ ಗೋಡೆ ಗಟ್ಟಿಯಾಗಿ ಕಾಣುತ್ತದೆ. ಆದರೆ ಹೊಕ್ಕ ತೇವ ಸಂದಿಯ ಮೂಲಕ ಆರಿಹೋಗುವ ದಾರಿ ಮುಚ್ಚುತ್ತದೆ. ಕಲ್ಲಿಗಿಂತ ಗಟ್ಟಿಯಾದ ಸಿಮೆಂಟ್ ಬಿಸಿಲು ಚಳಿಗೆ ಕಲ್ಲಿನ ಜೊತೆ ಹಿಗ್ಗುವುದಿಲ್ಲ, ಅಂಚಿನಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ. ಅದರಲ್ಲಿ ನೀರು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಹಿಗ್ಗಿ, ಮರಳುಗಲ್ಲಿನ ಮುಖವನ್ನು ಹಪ್ಪಳದಂತೆ ಎಬ್ಬಿಸುತ್ತದೆ. ಸಂದಿಯ ಸಿಮೆಂಟ್ ಮುಂದಕ್ಕೆ ಚಾಚಿ, ಕಲ್ಲು ಹಿಂದಕ್ಕೆ ಸವೆದಿರುವ ಗೋಡೆ ಕಂಡರೆ ಇದೇ ಕಥೆ. ನ್ಯೂ ಪಾಲ್ಟ್ಸ್‌ನ ಪಕ್ಕದ ರೋಸೆಂಡೇಲ್‌ನಲ್ಲೇ 1825ರಲ್ಲಿ ಕಾಲುವೆ ತೋಡುವಾಗ ನೈಸರ್ಗಿಕ ಸಿಮೆಂಟಿನ ಕಲ್ಲು ಸಿಕ್ಕಿತು. ಬ್ರೂಕ್ಲಿನ್ ಸೇತುವೆಗೆ ಹೋದದ್ದು ಆ ಸಿಮೆಂಟ್. ಸೇತುವೆಗೆ ಸರಿಯಾದದ್ದು ಜೇಡಿ ತುಂಬಿದ ಗೋಡೆಗೆ ಸರಿಯಾಗಬೇಕೆಂದಿಲ್ಲ.

ಸಂದು ತುಂಬುವ ಸರಿಯಾದ ಕ್ರಮ ನಿಧಾನದ್ದು. ಮೊದಲು ಹಳೆ ಗಾರೆಯ ತುಣುಕು ತೆಗೆದು ಸುಣ್ಣ ಎಷ್ಟು, ಮರಳು ಎಷ್ಟು, ಮರಳಿನ ಬಣ್ಣ, ಕಾಳು ಯಾವುದು ಎಂದು ನೋಡಿಸಬೇಕು. ಸಾಮಾನ್ಯವಾಗಿ ಒಂದು ಪಾಲು ಸುಣ್ಣಕ್ಕೆ ಎರಡೂವರೆಯಿಂದ ಮೂರು ಪಾಲು ಚೂಪು ಕಾಳಿನ ಮರಳು ಬೀಳುತ್ತದೆ. ಸಡಿಲವಾದದ್ದನ್ನು ಉಳಿ ಸುತ್ತಿಗೆಯಿಂದ ಕೈಯಲ್ಲೇ ತೆಗೆಯಬೇಕು. ತಿರುಗುವ ಗರಗಸ ಹಚ್ಚಿದರೆ ಕಲ್ಲಿನ ಅಂಚು ಕತ್ತರಿಸಿ ಹೋಗುತ್ತದೆ, ಅದಕ್ಕೆ ಮದ್ದಿಲ್ಲ. ಆಳ ಸಂದಿಯ ಅಗಲದ ಎರಡರಿಂದ ಎರಡೂವರೆ ಪಟ್ಟು. ದೂಳು ತೆಗೆದು, ಹಿಂದಿನ ದಿನವೇ ತೇವ ಮಾಡಿಟ್ಟುಕೊಳ್ಳಬೇಕು. ಒಣ ಕಲ್ಲು ಗಾರೆಯ ನೀರನ್ನು ಹೀರಿಬಿಟ್ಟರೆ ಸುಣ್ಣ ಪುಡಿಯಾಗಿ ಉದುರುತ್ತದೆ. ಆದರೆ ಒಳಗೆ ಜೇಡಿಯಿದೆ ಎಂಬುದನ್ನು ಮರೆತು ಪೈಪು ಹಿಡಿದು ನೀರು ಹೊಡೆಯಬಾರದು, ಸಿಂಪಡಿಸಬೇಕು. ಒಂದೇ ಸಲಕ್ಕೆ ತುಂಬದೆ ಕಾಲಂಗುಲದ ಪದರಗಳಲ್ಲಿ ಒತ್ತುತ್ತಾ ಬರಬೇಕು, ಒಂದು ಪದರ ಬೆರಳಿಗೆ ಗಟ್ಟಿಯೆನಿಸಿದ ಮೇಲೆ ಮುಂದಿನದು. ಆಮೇಲೆ ಒದ್ದೆ ಗೋಣಿತಾಟು ಇಳಿಬಿಟ್ಟು ಕೆಲವು ದಿನ ನೆರಳು ಕೊಡಬೇಕು. ಉಷ್ಣಾಂಶ 5 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿಯುವ ಕಾಲದಲ್ಲಿ ಈ ಕೆಲಸಕ್ಕೆ ಕೈಹಾಕಬಾರದು. ಸುಣ್ಣ ಗಾಳಿಯಿಂದ ಬಲ ಪಡೆಯಲು ವಾರಗಳೇ ಬೇಕು, ಅಷ್ಟರೊಳಗೆ ಹಿಮ ಬಿದ್ದರೆ ಕೆಲಸವೆಲ್ಲ ವಸಂತದಲ್ಲಿ ನೆಲಕ್ಕೆ ಉದುರುತ್ತದೆ. ಆ ಸೀಮೆಯಲ್ಲಿ ಸೆಪ್ಟೆಂಬರ್ ದಾಟಿದ ಮೇಲೆ ಶುರು ಮಾಡುವವರನ್ನು ನಂಬದಿರುವುದೇ ಕ್ಷೇಮ.

ತೊಲೆಯ ತುದಿ ಇನ್ನೊಂದು ನೋಯುವ ಜಾಗ. ಗೋಡೆಯೊಳಗೆ ಹೂತುಹೋದ ಆ ಒಂದು ಅಡಿ ಕಣ್ಣಿಗೆ ಕಾಣುವುದಿಲ್ಲ. ಹೊರಗೆ ತೊಲೆ ಕಬ್ಬಿಣದಂತಿದ್ದು ಒಳಗೆ ತುದಿ ಹಿಟ್ಟಾಗಿರಬಹುದು. ಗೋಡೆಯ ಅಂಚಿನಲ್ಲಿ ಕೆಳಗಿನಿಂದ ದಬ್ಬಣ ಚುಚ್ಚಿ ನೋಡಿ. ಸುಲಭವಾಗಿ ಒಂದಂಗುಲ ಇಳಿದರೆ ಕೊಳೆತಿದೆ. ತೇವ ಅಳೆಯುವ ಮೀಟರಿನಲ್ಲಿ ಶೇ. 20 ದಾಟಿದ್ದರೆ ಕೊಳೆ ಶುರುವಾಗುವ ಹಾದಿಯಲ್ಲಿದೆ. ಇಡೀ ತೊಲೆ ಬದಲಾಯಿಸಿದರೆ ಇಸವಿ ಹೇಳುವ ಸಾಕ್ಷಿಯೇ ಹೋಗುತ್ತದೆ. ಕೊಳೆತಷ್ಟನ್ನೇ ಓರೆಯಾಗಿ ಕತ್ತರಿಸಿ, ಅದೇ ಜಾತಿಯ ಒಣ ಮರದ ತುಂಡನ್ನು ಕಚ್ಚಿಸಿ ಗೂಟ ಹೊಡೆದು, ತುದಿಯ ಸುತ್ತ ಅರ್ಧ ಅಂಗುಲ ಗಾಳಿಗೆ ಜಾಗ ಬಿಡುವುದು ಬಡಗಿಗೆ ಹೆಚ್ಚು ಕೆಲಸ, ಮನೆಗೆ ಹೆಚ್ಚು ಆಯುಷ್ಯ.

ನೆಲಮಾಳಿಗೆಯ ಮಾತು ಬಿಟ್ಟರೆ ಈ ಚರಿತ್ರೆ ಸುಳ್ಳಾಗುತ್ತದೆ. ನ್ಯೂ ಪಾಲ್ಟ್ಸ್ ಇರುವ ಅಲ್ಸ್ಟರ್ ಕೌಂಟಿಯ ಇಂಥ ಕಲ್ಲುಮನೆಗಳ ನೆಲಮಾಳಿಗೆಯಲ್ಲಿ ಅಡುಗೆಮನೆ ಇರುತ್ತಿತ್ತು, ಅಬ್ರಹಾಮ್ ಹ್ಯಾಸ್‌ಬ್ರೂಕ್ ಮನೆಯಲ್ಲಿ ಇಂದಿಗೂ ನೋಡಬಹುದು. ಗುಲಾಮರು ಅಲ್ಲೇ ದುಡಿದು ಅಲ್ಲೇ ಮಲಗುತ್ತಿದ್ದರು. ಅದು ಹೇಗಿತ್ತೆಂಬುದಕ್ಕೆ, ಗುಲಾಮಳಾಗಿ ಹುಟ್ಟಿ ಮುಂದೆ ಗುಲಾಮಗಿರಿಯ ವಿರುದ್ಧ ಹೋರಾಡಿದ ಸೋಜರ್ನರ್ ಟ್ರೂತ್ ಅವರ ಮಾತೇ ಸಾಕ್ಷಿ. 1797ರ ಸುಮಾರಿಗೆ ಇದೇ ಕೌಂಟಿಯಲ್ಲಿ ಇಸಬೆಲ್ಲಾ ಎಂಬ ಹೆಸರಿನಲ್ಲಿ ಹುಟ್ಟಿದ ಅವರ ಮೊದಲ ಭಾಷೆ ಡಚ್. ಒಡೆಯನ ಮನೆಯ ನೆಲಮಾಳಿಗೆಯಲ್ಲಿ ಬೆಳಕಿಗೆ ಕೆಲವೇ ಗಾಜು, ನೆಲಕ್ಕೆ ಸಡಿಲ ಹಲಗೆ, ಹಲಗೆಯ ಕೆಳಗೆ ಕೆಸರು ನೀರು, ಅದರ ಮೇಲೆ ಹುಲ್ಲು ಹಾಸಿ ಹೆಣ್ಣು ಗಂಡು ಮಕ್ಕಳು ಒಟ್ಟಿಗೆ ಮಲಗುತ್ತಿದ್ದದ್ದನ್ನು ಅವರು ಹೇಳಿ ಬರೆಸಿದ್ದಾರೆ. ಒಂಬತ್ತರ ಪ್ರಾಯದಲ್ಲಿ ಕುರಿಗಳ ಜೊತೆ ಸೇರಿಸಿ 100 ಡಾಲರಿಗೆ ಹರಾಜಾದರು. ನ್ಯೂಯಾರ್ಕಿನಲ್ಲಿ ಗುಲಾಮಗಿರಿ ಕಾನೂನಿನಂತೆ ಕೊನೆಗೊಂಡದ್ದು 1827ರ ಜುಲೈ 4ರಂದು. ಅವರು ಅದಕ್ಕೂ ಮುನ್ನ, 1826ರಲ್ಲೇ ಮಗುವನ್ನೆತ್ತಿಕೊಂಡು ನಡೆದುಬಿಟ್ಟಿದ್ದರು. ತಲೆಯ ಮೇಲೆ ಗೋಧಿಯ ಖಜಾನೆ ಹೊತ್ತ ತೊಲೆ, ಕಾಲಡಿ ಕೆಸರಿನ ಮೇಲೆ ಹಲಗೆ: ಈ ಮನೆಗಳ ಅಡ್ಡಕೊಯ್ತವನ್ನು ಎರಡೂ ಸೇರಿಸಿಯೇ ಬರೆಯಬೇಕು. ನ್ಯೂ ಪಾಲ್ಟ್ಸ್‌ನ ಸರಕಾರಿ ವಿಶ್ವವಿದ್ಯಾಲಯ ತನ್ನ ವಿದ್ಯಾರ್ಥಿ ನಿಲಯಗಳಿಗಿದ್ದ ಹ್ಯಾಸ್‌ಬ್ರೂಕ್ ಮತ್ತಿತರ ಸ್ಥಾಪಕ ಮನೆತನಗಳ ಹೆಸರನ್ನು 2019ರಲ್ಲಿ ತೆಗೆದದ್ದು ಇದೇ ಕಾರಣಕ್ಕೆ. ಅದು ಸರಿಯಾದ ತೀರ್ಮಾನ ಎಂದೇ ನನ್ನ ಅಭಿಪ್ರಾಯ.

ಇಷ್ಟೆಲ್ಲ ಹೇಗೆ ಉಳಿಯಿತು? ಶ್ರೀಮಂತಿಕೆ ಬೇರೆ ಕಡೆ ಹೋದದ್ದರಿಂದ. ಝಾನ್ ಹೆಸರಿನ ಮನೆಯಲ್ಲಿ ಅಂಗಡಿ ನಡೆಸಿದ ಕುಟುಂಬದ ಜೋಸಾಯ ಹ್ಯಾಸ್‌ಬ್ರೂಕ್ ಅಮೆರಿಕದ ಸಂಸತ್ತಿನ (ಕಾಂಗ್ರೆಸ್) ಸದಸ್ಯನಾದ. 1814ರಲ್ಲಿ ಕೆಲವು ಮೈಲಿ ದೂರದಲ್ಲಿ ಲೋಕಸ್ಟ್ ಲಾನ್ ಎಂಬ ಹೊಸ ಫ್ಯಾಷನ್ನಿನ ಬಂಗಲೆ ಕಟ್ಟಿಸಿದ. ಪೇಟೆ ದಿಬ್ಬ ಹತ್ತಿತು. ಹಳೆಯ ಮನೆಯನ್ನು ಕೆಡವಿ ಕಟ್ಟುವಷ್ಟು ಯಾರಿಗೂ ಅದು ಬೇಕಾಗಲಿಲ್ಲ. 1894ರಲ್ಲಿ ವಂಶಸ್ಥರು ಕೂಡಿ ಇತಿಹಾಸ ಸಂಘ ಕಟ್ಟಿ, 1899ರಲ್ಲಿ ಈ ಮನೆಯನ್ನು ಕೊಂಡು ಮ್ಯೂಸಿಯಂ ಮಾಡಿದರು. 1967ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಮಾರಕದ ಮಾನ್ಯತೆ ಸಿಕ್ಕಿತು.

ನ್ಯೂಜೆರ್ಸಿಯಲ್ಲಿ ನೆಲೆಸಿರುವ ನಮ್ಮವರು ಇಷ್ಟು ದೂರ ಹೋಗಬೇಕಾಗಿಲ್ಲ. ಬರ್ಗನ್ ಕೌಂಟಿಯ ರಿವರ್ ಎಡ್ಜ್‌ನಲ್ಲಿ ಸ್ಟೂಬೆನ್ ಹೌಸ್ ಎಂಬ ಇಂಥದೇ ಮರಳುಗಲ್ಲಿನ ಮನೆ ಇದೆ, 1928ರಿಂದ ರಾಜ್ಯ ಸರಕಾರದ ವಶದಲ್ಲಿದೆ. ಸುತ್ತಲ ಊರುಗಳಲ್ಲಿ ಮರಳುಗಲ್ಲಿನ ಇಂಥ ಮನೆಗಳಲ್ಲಿ ಇಂದಿಗೂ ಜನ ವಾಸವಿದ್ದಾರೆ, ಆಗಾಗ ಮಾರಾಟಕ್ಕೂ ಬರುತ್ತವೆ. ಕೊಳ್ಳುವ ಯೋಚನೆ ಇದ್ದರೆ ಮೊದಲ ವರ್ಷ ಬಣ್ಣ, ಅಡುಗೆಮನೆ ಏನನ್ನೂ ಮುಟ್ಟಬೇಡಿ, ನೀರನ್ನು ಮಾತ್ರ ನೋಡಿಕೊಳ್ಳಿ. ಸೂರಿನ ದೋಣಿಯಲ್ಲಿ ಕಸ ಕಟ್ಟಿಕೊಂಡಿದೆಯೇ, ಅದರ ನೀರು ಪಾಯದಿಂದ ಆರು ಅಡಿಯಾದರೂ ದೂರ ಬೀಳುತ್ತದೆಯೇ, ಅಂಗಳದ ಮಣ್ಣು ವರ್ಷವರ್ಷ ಏರಿ ಗೋಡೆಯ ಬುಡ ಮುಚ್ಚಿದೆಯೇ, ಚಿಮಣಿ ಚಾವಣಿಯನ್ನು ಸೀಳುವ ಕಡೆ ತಗಡು ಸರಿಯಿದೆಯೇ. ಅಟ್ಟಕ್ಕೆ ಜೋರು ಮಳೆ ಬರುವಾಗಲೇ ಟಾರ್ಚ್ ಹಿಡಿದು ಹತ್ತಿ. ಮಾರ್ಚ್ ಏಪ್ರಿಲ್‌ನಲ್ಲಿ ಹಿಮ ಕರಗುವ ವಾರ ನೆಲಮಾಳಿಗೆಯ ಉತ್ತರದ ಗೋಡೆಯ ಮೇಲೆ ಕೈಯಾಡಿಸಿ, ಬೆರಳಿಗೆ ಒದ್ದೆ ಜೇಡಿ ಹತ್ತಿದರೆ ಮೇಸ್ತ್ರಿಯನ್ನು ಆ ಬೇಸಿಗೆಗೇ ಗೊತ್ತು ಮಾಡಿ. ಸುಣ್ಣದ ಕೆಲಸ ಬಲ್ಲವರು ಕಡಿಮೆ, ಅವರ ಕೈ ಖಾಲಿಯಾಗಲು ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ.